ದೇಶಪ್ರೇಮ, ಮನೆಮಂದಿಯ ಆರೋಗ್ಯ, ಹೆಣ್ತನ: ಒಬ್ಬ ತಾಯಿಗೆ ಅನಿಸಿದ್ದು

ಮೂವರ ಅಮ್ಮ

ತಾಯಿಯನ್ನು ಹೊಗಳದ ದೇಶ ಯಾವುದೂ ಇಲ್ಲ. ಭಾಷಣದಲ್ಲಿ ಹೊಗಳುತ್ತಾರೆ, ಪ್ರತಿಮೆ ನಿಲ್ಲಿಸುತ್ತಾರೆ, ಪದಕ ಕೊಡುತ್ತಾರೆ. ಯಾವುದಕ್ಕಾಗಿ ಹೊಗಳುತ್ತಾರೆ ಎಂದು ನೋಡಿದಾಗ ನನಗೆ ಸಂಕಟವಾಗುತ್ತದೆ. 1938ರ ಡಿಸೆಂಬರ್‌ನಲ್ಲಿ ನಾಜಿ ಜರ್ಮನಿ ತಾಯಂದಿರಿಗೆಂದೇ ಒಂದು ಪದಕ ಹೊರಡಿಸಿತು. ನಾಲ್ಕು ಮಕ್ಕಳಾದರೆ ಕಂಚು, ಆರಾದರೆ ಬೆಳ್ಳಿ, ಎಂಟಾದರೆ ಚಿನ್ನ. ಅದೂ ಆ ಆಡಳಿತ ಒಪ್ಪುವ ಕುಲದ ಹೆಂಗಸರಿಗೆ ಮಾತ್ರ. ಸೋವಿಯತ್ ಒಕ್ಕೂಟ 1944ರಲ್ಲಿ ಹತ್ತು ಮಕ್ಕಳನ್ನು ಹೆತ್ತು ಸಾಕಿದವಳಿಗೆ ವೀರಮಾತೆ ಎಂಬ ಬಿರುದು ಕೊಟ್ಟಿತು. ರೊಮೇನಿಯಾ ಇನ್ನೂ ಮುಂದೆ ಹೋಯಿತು. ದೇಶಕ್ಕೆ ಜನ ಸಾಲದು ಎಂದು 1966ರಲ್ಲಿ ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು, ಗರ್ಭನಿರೋಧಕಗಳು ಕೈಗೆ ಸಿಗದಂತೆ ನೋಡಿಕೊಂಡಿತು. ಕದ್ದುಮುಚ್ಚಿ ಗರ್ಭ ತೆಗೆಸಿಕೊಳ್ಳಲು ಹೋಗಿ ಸಾವಿರಾರು ಹೆಂಗಸರು ಸತ್ತರು. ಅವರಲ್ಲಿ ಎಷ್ಟೋ ಜನ ಆಗಲೇ ಮಕ್ಕಳಿದ್ದವರು. 1989ರ ಕೊನೆಗೆ ಆ ಆಡಳಿತ ಬಿತ್ತು, ಅದರ ಜೊತೆ ಆ ಕಾನೂನೂ ಹೋಯಿತು. ಮರುವರ್ಷವೇ ಬಸುರಿ, ಬಾಣಂತಿಯರ ಸಾವು ಸುಮಾರು ಅರ್ಧಕ್ಕೆ ಇಳಿಯಿತು.

ಇಷ್ಟು ಹೇಳಿದ ಮೇಲೂ ನಾನು ನನ್ನ ದೇಶವನ್ನು ಪ್ರೀತಿಸುವವಳೇ. ಧ್ವಜ ಏರುವಾಗ ಎದ್ದು ನಿಲ್ಲುತ್ತೇನೆ, ಕಣ್ಣು ತುಂಬುತ್ತದೆ. ಆದರೆ ಆ ಪ್ರೀತಿ ಕೆಲಸ ಮಾಡುವುದು ಧ್ವಜ ಇಳಿದ ಮೇಲೆ. ನನ್ನ ಮಗುವಿನ ಬಗ್ಗೆ ನನಗಿರುವ ಕಾಳಜಿ, ಹೆಸರೂ ಗೊತ್ತಿಲ್ಲದ ಆಚೆ ಮನೆಯ ಮಗುವಿನ ತನಕ ಹೋಗಬೇಕು. ಅಲ್ಲಿಯ ತನಕ ಹೋಗದಿದ್ದರೆ ನನ್ನ ದೇಶಪ್ರೇಮಕ್ಕೆ ಎದ್ದು ನಿಂತದ್ದಷ್ಟೇ ಸಾಕ್ಷಿ.

ಅದಕ್ಕೇ ಲಸಿಕೆಯ ಮಾತು ಬಂದಾಗ ನಾನು ಸುಮ್ಮನಿರುವುದಿಲ್ಲ. ಈ ವಿದ್ಯೆಯ ಚರಿತ್ರೆಯಲ್ಲೂ ಒಬ್ಬ ತಾಯಿ ಇದ್ದಾಳೆ. ಮೇರಿ ವರ್ಟ್ಲಿ ಮಾಂಟೆಗ್ಯೂ ಇಂಗ್ಲೆಂಡಿನವಳು. ಸಿಡುಬಿಗೆ ತಮ್ಮನನ್ನು ಕಳೆದುಕೊಂಡವಳು, ತನ್ನ ಮುಖದಲ್ಲೂ ಅದೇ ಕಲೆ ಹೊತ್ತವಳು. ಗಂಡನ ಜೊತೆ ಈಗಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್‌ಗೆ ಹೋದಾಗ ಅಲ್ಲಿಯ ಮುದುಕಿಯರು ಸಿಡುಬಿನ ಕೀವನ್ನು ಸೂಜಿಯಲ್ಲಿ ಚುಚ್ಚಿ ಮಕ್ಕಳನ್ನು ಕಾಪಾಡುವುದನ್ನು ಕಂಡಳು. 1721ರಲ್ಲಿ ಲಂಡನ್ನಿನಲ್ಲಿ ಸಿಡುಬು ಹಬ್ಬಿದಾಗ ವೈದ್ಯರ ಕಣ್ಣೆದುರೇ ತನ್ನ ಪುಟ್ಟ ಮಗಳಿಗೆ ಅದನ್ನು ಮಾಡಿಸಿದಳು. ಆ ಚುಚ್ಚಿನಲ್ಲಿ ಅಪಾಯವೂ ಇತ್ತು. 1796ರಲ್ಲಿ ಎಡ್ವರ್ಡ್ ಜೆನ್ನರ್ ದನದ ಸಿಡುಬಿನಿಂದ ಅದಕ್ಕಿಂತ ಎಷ್ಟೋ ಸುರಕ್ಷಿತವಾದ ದಾರಿ ತೋರಿಸಿದ. 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತು ಎಂದು ಘೋಷಣೆಯಾಯಿತು. ನನ್ನ ಮಕ್ಕಳ ಮುಖ ನುಣುಪಾಗಿರುವುದರ ಹಿಂದೆ ಎಷ್ಟು ದೇಶಗಳ ಕೈಯಿದೆ ಎಂದು ನೆನೆದರೆ ಎದೆ ತುಂಬುತ್ತದೆ.

ಸಹಜ ಆರೋಗ್ಯದ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಎದೆಹಾಲು, ಹೊತ್ತಿಗೆ ಸರಿಯಾಗಿ ನಿದ್ದೆ, ಮೈ ಬೆವರುವ ತನಕ ಆಟ, ಕೈ ತೊಳೆಯುವ ರೂಢಿ, ಶೀತ ತಾನಾಗಿ ಬಿಡುವ ತನಕ ಕಾಯುವ ತಾಳ್ಮೆ. ವೈರಸ್‌ನಿಂದ ಬಂದ ನೆಗಡಿಗೆ ಆ್ಯಂಟಿಬಯಾಟಿಕ್ ಏನೂ ಮಾಡದು, ಆದರೂ ಅದನ್ನೇ ಬರೆದುಕೊಡಿ ಎಂದು ಡಾಕ್ಟರನ್ನು ಕಾಡುವವರು ನಾವೇ. ಹಾಗೆ ಬೇಡದ ಕಡೆ ನುಂಗಿದ ಮಾತ್ರೆಗಳಿಂದ ಬ್ಯಾಕ್ಟೀರಿಯಾಗಳು ಪಳಗಿಬಿಡುತ್ತವೆ. ನಾಳೆ ನಿಜವಾಗಿ ಬೇಕಾದವರಿಗೆ, ಅದು ಇನ್ನೊಬ್ಬರ ಮಗುವೇ ಆಗಿರಬಹುದು, ಔಷಧಿ ಕೆಲಸ ಮಾಡುವುದಿಲ್ಲ. ಇದನ್ನೂ ನಾನು ದೇಶದ ಲೆಕ್ಕಕ್ಕೇ ಸೇರಿಸುತ್ತೇನೆ.

ಕೊನೆಯದು ಹೆಣ್ತನ. ಜಗತ್ತಿನಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಕ್ಕೆ ಸುಮಾರು ಮೂವರಿಗೆ ರಕ್ತಹೀನತೆ ಇದೆ. ಬಸುರಿಯಲ್ಲದ ಹೆಂಗಸಿಗೆ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂ, ಬಸುರಿಗೆ 11 ಗ್ರಾಂ ಇರಲೇಬೇಕು ಎನ್ನುವುದು ಹೆಚ್ಚಿನ ಮನೆಗಳಿಗೆ ಗೊತ್ತಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು "ವಯಸ್ಸಾಯಿತು" ಎನ್ನುತ್ತಾರೆ, ಮೂವತ್ತೈದರವಳಿಗೆ! ದೇಶವನ್ನು ತಾಯಿ ಎಂದು ಕರೆದು ಕೈಮುಗಿಯುವವರು ಇವತ್ತೇ ಮನೆಗೆ ಹೋಗಿ ತಮ್ಮ ತಾಯಿಗೆ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಲಿ. ಗೊತ್ತಿಲ್ಲ ಎಂದರೆ ಪರೀಕ್ಷೆಗೆ ಕರೆದುಕೊಂಡು ಹೋಗಲಿ.

ಎಲ್ಲರೂ ನಿಮಗೆ ಅನಿಸಿದ್ದು ಹೇಳಿ.

ಸಹಜ ಜೀವನ

ನೀವು ಮನಸ್ಸಿಟ್ಟು ಬರೆದಿದ್ದೀರಿ, ನಾನೂ ಹಾಗೇ ಕೇಳುತ್ತೇನೆ. ಹೆಣ್ಣಿನ ಗರ್ಭದ ಮೇಲೆ ಸರ್ಕಾರ ಕೈ ಹಾಕಿದ್ದು ತಪ್ಪು ಎಂದು ಮೊದಲ ಪ್ಯಾರಾದಲ್ಲಿ ಹೇಳಿದಿರಿ, ಒಪ್ಪಿದೆ. ಮೂರನೆಯ ಪ್ಯಾರಾದಲ್ಲಿ ಅದೇ ಸರ್ಕಾರ ಮಗುವಿನ ತೋಳಿಗೆ ಸೂಜಿ ಹಾಕಿದರೆ ದೇಶಪ್ರೇಮ ಎನ್ನುತ್ತೀರಿ. ಮೈ ನಮ್ಮದು ಎಂದ ಮೇಲೆ ಎರಡು ಕಡೆಯೂ ನಮ್ಮದೇ ಆಗಬೇಕಲ್ಲವೇ? ದೇಹಕ್ಕೆ ತನ್ನನ್ನು ತಾನು ಗುಣಪಡಿಸಿಕೊಳ್ಳುವ ಶಕ್ತಿ ಇದೆ. ನನ್ನ ಮಗನಿಗೆ ಜ್ವರ ಬಂದರೆ ನಾನು ಗಾಬರಿಯಾಗುವುದಿಲ್ಲ, ಮಲಗಿಸುತ್ತೇನೆ, ನೀರು ಕುಡಿಸುತ್ತೇನೆ, ಕಾಯುತ್ತೇನೆ. ಇಲ್ಲಿಯ ತನಕ ಚೆನ್ನಾಗಿಯೇ ಇದ್ದಾನೆ.

ಮೂವರ ಅಮ್ಮ

ನ್ಯಾಯವಾದ ಪ್ರಶ್ನೆ. ಜ್ವರದ ವಿಷಯದಲ್ಲಿ ನೀವು ಮಾಡುತ್ತಿರುವುದೇ ಬಹುಪಾಲು ಸರಿ. ಜ್ವರ ದೇಹದ ಹೋರಾಟವೇ ಹೌದು. ಮಗು ಆಡಿಕೊಂಡು, ಕುಡಿದುಕೊಂಡು, ಉಚ್ಚೆ ಹೊಯ್ದುಕೊಂಡು ಇದ್ದರೆ ಥರ್ಮಾಮೀಟರ್‌ನ ಅಂಕಿಗೆ ಹೆದರಬೇಕಾಗಿಲ್ಲ. ಮೂರು ತಿಂಗಳು ತುಂಬದ ಕೂಸಿಗೆ ಮಾತ್ರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಕಾಯಬೇಡಿ, ತಕ್ಷಣ ತೋರಿಸಿ.

ಗರ್ಭಕ್ಕೂ ಲಸಿಕೆಗೂ ಇರುವ ವ್ಯತ್ಯಾಸ ಇಷ್ಟೇ: ನನ್ನ ಬಸಿರು ಪಕ್ಕದವರಿಗೆ ಅಂಟುವುದಿಲ್ಲ, ದಡಾರ ಅಂಟುತ್ತದೆ. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬ ದಡಾರದ ರೋಗಿಯಿಂದ 12ರಿಂದ 18 ಜನರಿಗೆ ಅದು ಹರಡಬಲ್ಲದು. ಅವನು ಎದ್ದು ಹೋದ ಕೋಣೆಯ ಗಾಳಿಯಲ್ಲೂ ಎರಡು ಗಂಟೆಯ ತನಕ ಉಳಿದಿರುತ್ತದೆ. ಅದನ್ನು ತಡೆಯಲು ನೂರಕ್ಕೆ 95 ಜನ ಲಸಿಕೆ ಹಾಕಿಸಿಕೊಂಡಿರಬೇಕು. ಉಳಿದ ಐದು ಜನರ ಜಾಗ ಯಾರಿಗೆ ಬೇಕು ಗೊತ್ತೇ? ಲಸಿಕೆಯ ವಯಸ್ಸಿಗೇ ಬಂದಿರದ ಕೂಸಿಗೆ. ಕ್ಯಾನ್ಸರಿಗೆ ಕೀಮೋ ನಡೆಯುತ್ತಿರುವ ಮಗುವಿಗೆ, ಅದಕ್ಕೆ ಇಂಥ ಜೀವಂತ ಲಸಿಕೆ, ಅಂದರೆ ಬಲ ಕುಗ್ಗಿಸಿದ ಜೀವಂತ ವೈರಸ್ ಇರುವ ಲಸಿಕೆ, ಕೊಡುವಂತಿಲ್ಲ. ಗಟ್ಟಿಮುಟ್ಟಾದ ನನ್ನ ಮಗುವನ್ನು ತಂದು ಆ ಜಾಗದಲ್ಲಿ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೂ ಒಂದು ವಿಷಯ. ದಡಾರ ಬಂದು ಹೋದ ಮೇಲೆ ದೇಹ ಮೊದಲು ಬೇರೆ ರೋಗಗಳ ವಿರುದ್ಧ ಕಲಿತಿದ್ದನ್ನೂ ಎಷ್ಟೋ ಮಟ್ಟಿಗೆ ಮರೆತುಬಿಡುತ್ತದೆ. ನೀವು ಕಾಪಾಡಬೇಕು ಎನ್ನುತ್ತಿರುವ ಸಹಜ ಶಕ್ತಿಯನ್ನೇ ಅದು ಅಳಿಸಿ ಹೋಗುತ್ತದೆ.

ಹೆರಿಗೆ ವಾರ್ಡಿನ ಸಿಸ್ಟರ್

ಅಕ್ಕ, ಸಹಜ ಮತ್ತು ಕೃತಕ ಎಂದು ಗೆರೆ ಎಳೆಯುವವರನ್ನು ನಮ್ಮ ವಾರ್ಡಿಗೆ ಒಂದು ರಾತ್ರಿ ಕರೆದುಕೊಂಡು ಬರಬೇಕು ಅನಿಸುತ್ತದೆ.

ಮಗು ಹುಟ್ಟಿದ ಕೂಡಲೇ ಒರೆಸಿ ತಾಯಿಯ ಬರಿಮೈ ಮೇಲೆ ಮಲಗಿಸುತ್ತೇವೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಾನೇ ತಲೆ ಆಡಿಸುತ್ತಾ ಮೊಲೆ ಹುಡುಕುತ್ತದೆ. ಮೊದಲ ಒಂದು ಗಂಟೆಯೊಳಗೆ ಬಾಯಿ ಹಚ್ಚಿದರೆ ಒಳ್ಳೆಯದು. ಕೂಸು ಚೀಪಿದಂತೆ ತಾಯಿಯ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಬಿಡುಗಡೆಯಾಗುತ್ತದೆ. ಅದು ಹಾಲನ್ನು ಇಳಿಸುತ್ತದೆ, ಗರ್ಭಕೋಶವನ್ನೂ ಬಿಗಿಯುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ಹೊಕ್ಕುಳ ಹತ್ತಿರ ಗಟ್ಟಿ ಚೆಂಡಿನ ಹಾಗೆ ಸಿಗಬೇಕು. ಮೆತ್ತಗೆ ಸಿಕ್ಕಿತೋ, ರಕ್ತ ಹೋಗುತ್ತಿದೆ ಎಂದರ್ಥ. ಜಗತ್ತಿನಲ್ಲಿ ಹೆರಿಗೆಯಲ್ಲಿ ತಾಯಂದಿರು ಸಾಯುವುದಕ್ಕೆ ದೊಡ್ಡ ಕಾರಣ ಹೀಗೆ ಹೋಗುವ ರಕ್ತವೇ. ಅದನ್ನು ತಡೆಯಲು ನಾವು ಚುಚ್ಚುವ ಇಂಜೆಕ್ಷನ್ ಯಾವುದು ಗೊತ್ತಾ? ಅದೇ ಆಕ್ಸಿಟೋಸಿನ್. ವಿನ್ಸೆಂಟ್ ಡು ವಿನ್ಯೋ ಎಂಬ ರಸಾಯನ ವಿಜ್ಞಾನಿ 1953ರಲ್ಲಿ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿದ್ದ, 1955ರಲ್ಲಿ ಅವನಿಗೆ ನೊಬೆಲ್ ಬಂತು. ತಾಯಿಯ ಮೈಯಲ್ಲಿ ಹುಟ್ಟಿದ್ದೂ ಸಿರಿಂಜಿನಲ್ಲಿರುವುದೂ ಒಂದೇ ಅಣು. ರಕ್ತ ಹರಿಯುವಾಗ ಇದು ಸಹಜವೋ ಅಲ್ಲವೋ ಎಂದು ಕೇಳುವಷ್ಟು ಪುರುಸೊತ್ತು ಇರುವುದಿಲ್ಲ.

ನಮ್ಮ ವೃತ್ತಿಯ ತಪ್ಪನ್ನೂ ಹೇಳಬೇಕು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಡಾಕ್ಟರುಗಳ ವಾರ್ಡಿನಲ್ಲಿ ಬಾಣಂತಿಯರು ಸೂಲಗಿತ್ತಿಯರ ವಾರ್ಡಿಗಿಂತ ಎಷ್ಟೋ ಹೆಚ್ಚು ಸಾಯುತ್ತಿದ್ದರು. ಶವ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದರು. ಇಗ್ನಾಜ್ ಸೆಮ್ಮೆಲ್‌ವೈಸ್ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ, ಸಾವು ದಿಢೀರನೆ ಇಳಿಯಿತು. ಅವನ ಮಾತನ್ನು ದೊಡ್ಡ ಡಾಕ್ಟರುಗಳು ಬಹಳ ವರ್ಷ ಒಪ್ಪಲೇ ಇಲ್ಲ. ಆದ್ದರಿಂದ ತಾಯಂದಿರು ನಮ್ಮನ್ನು ಪ್ರಶ್ನೆ ಕೇಳಿದರೆ ನನಗೆ ಬೇಸರವಿಲ್ಲ. "ಸಿಸ್ಟರ್, ಕೈ ತೊಳೆದಿರಾ?" ಎಂದು ಧೈರ್ಯವಾಗಿ ಕೇಳಿ.

ಮೊದಲ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬೇಡಿ, ಅದರಲ್ಲಿ ರೋಗ ತಡೆಯುವ ಪ್ರತಿಕಾಯಗಳು ತುಂಬಿರುತ್ತವೆ. ಒಂದು ವರ್ಷ ತುಂಬುವ ತನಕ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣ ಕೂಸಿನ ಕರುಳಲ್ಲಿ ವಿಷ ಮಾಡಿ ಸ್ನಾಯುಗಳನ್ನೇ ನಿಶ್ಶಕ್ತ ಮಾಡಬಲ್ಲದು. ವರ್ಷ ದಾಟಿದ ಮಕ್ಕಳ ಕೆಮ್ಮಿಗೆ ಅದೇ ಜೇನು ಒಳ್ಳೆಯದು.

ಹೊಸ ಅಪ್ಪ

ಸಿಸ್ಟರ್, ನಿಮ್ಮನ್ನೇ ಕೇಳಬೇಕಿತ್ತು. ನಮಗೆ ಮಗು ಆಗಿ ಐದು ದಿನ. ನನ್ನ ಹೆಂಡತಿ ಮಗು ಬಾಯಿ ಹಾಕಿದ ಕೂಡಲೇ ನೋವಿಗೆ ಕಣ್ಣು ಮುಚ್ಚಿಕೊಳ್ತಾಳೆ. ಹಾಲು ಸಾಲ್ತಿಲ್ಲ ಅಂತ ಅಳ್ತಾಳೆ, ಕಾರಣ ಇಲ್ದೇನೂ ಅಳ್ತಾಳೆ. ಬಂದವರೆಲ್ಲ "ನಾವೆಲ್ಲ ಹೆತ್ತಿಲ್ವಾ" ಅಂತಾರೆ. ಪುಡಿ ಹಾಲು ಕೊಟ್ರೆ ತಾಯ್ತನಕ್ಕೇ ಕಮ್ಮಿ ಅನ್ನೋ ಹಾಗೆ ಮಾತಾಡ್ತಾರೆ. ನಾನೇನು ಮಾಡ್ಲಿ?

ಹೆರಿಗೆ ವಾರ್ಡಿನ ಸಿಸ್ಟರ್

ಮೊದಲು ಬಂದವರನ್ನು ಸ್ವಲ್ಪ ದೂರ ಇಡಿ ತಮ್ಮಾ, ಆ ಕೆಲಸ ನಿಮ್ಮದೇ.

ನೋವಿದೆ ಎಂದರೆ ಹೆಚ್ಚಾಗಿ ಮಗು ತೊಟ್ಟನ್ನಷ್ಟೇ ಕಚ್ಚಿಕೊಂಡಿರುತ್ತದೆ. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ಒತ್ತಿರಲಿ, ಕತ್ತು ತಿರುಚಿರಬಾರದು. ತೊಟ್ಟು ಮೂಗಿನ ನೇರಕ್ಕೆ ಬರಲಿ. ಮಗು ಆಕಳಿಸುವಷ್ಟು ಬಾಯಿ ತೆರೆದಾಗ ಮಗುವನ್ನು ಎದೆಗೆ ತರಬೇಕು, ಎದೆಯನ್ನು ಮಗುವಿಗೆ ಬಗ್ಗಿಸಬಾರದು. ಗಲ್ಲ ಎದೆಗೆ ತಾಗಿರಬೇಕು, ಕೆಳದುಟಿ ಹೊರಮಡಿಚಿರಬೇಕು, ಕಪ್ಪು ಭಾಗ ತುಟಿಯ ಮೇಲ್ಗಡೆ ಹೆಚ್ಚು ಕಾಣಬೇಕು. ನೋವಾದರೆ ಬಾಯಿಯ ಮೂಲೆಗೆ ಶುದ್ಧವಾದ ಕಿರುಬೆರಳು ಹಾಕಿ ಬಿಡಿಸಿ ಮತ್ತೆ ಹಚ್ಚಿ. ಎಳೆದು ಬಿಡಿಸಬೇಡಿ. ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆ ಮಾಡಿಕೊಂಡರೆ ಹಾಲು ಸಾಕಾಗುತ್ತಿದೆ. ಕಡಿಮೆಯಾದರೆ, ಅಥವಾ ಮಗು ಮಂಕಾಗಿ ಎದ್ದೇಳದಿದ್ದರೆ ಅವತ್ತೇ ತೋರಿಸಿ.

ಆರು ತಿಂಗಳ ತನಕ ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದರಾಚೆಗೂ ಕುಡಿಸಬಹುದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ನಾನೂ ಅದನ್ನೇ ಹೇಳಿಕೊಡುವವಳು. ಆದರೂ ಯತ್ನವೆಲ್ಲ ಮಾಡಿ ಹಾಲು ಸಾಲದೆ, ಡಾಕ್ಟರ್ ಹೇಳಿದ ಮೇಲೆ ಪುಡಿ ಹಾಲು ಕೊಟ್ಟ ತಾಯಿ ಎಲ್ಲರಷ್ಟೇ ತಾಯಿ. ಕುದಿಸಿದ ನೀರು, ಶುಚಿಯಾದ ಬಟ್ಟಲು, ಡಬ್ಬಿಯಲ್ಲಿ ಬರೆದ ಅಳತೆ. ಉಳಿಸಬೇಕೆಂದು ತೆಳ್ಳಗೆ ಮಾಡಬೇಡಿ.

ಅಳು ಮೊದಲ ಎರಡು ವಾರ ಬಹಳ ಜನರಿಗೆ ಇರುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಹೋಗದಿದ್ದರೆ, ಮಗು ಮಲಗಿದರೂ ಅವಳಿಗೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸೆ ಇಲ್ಲದಿದ್ದರೆ ಅದು ಬಾಣಂತಿಯ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ತನಗೋ ಮಗುವಿಗೋ ಏನಾದರೂ ಮಾಡಿಕೊಂಡುಬಿಡುವ ಮಾತು ಬಂದರೆ ಒಂದು ಗಂಟೆಯೂ ಒಬ್ಬಳನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಯೋಧನ ತಾಯಿ

ನನ್ನ ಮಗ ಗಡಿಯಲ್ಲಿದ್ದಾನೆ. ಮೂವರ ಅಮ್ಮ ಅವರ ಮೊದಲ ಮಾತು ಓದಿ ನೊಂದುಕೊಂಡೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದೂ ಕೈ ತೊಳೆಯುವುದೂ ಒಳ್ಳೆಯ ನಡತೆ ಹೌದು. ಅದನ್ನು ದೇಶಪ್ರೇಮ ಎಂದು ಕರೆದರೆ, ನನ್ನ ಮಗ ಹಿಮದಲ್ಲಿ ನಿಂತಿರುವುದಕ್ಕೆ ಏನೆಂದು ಕರೆಯಲಿ? ಫೋನ್ ಬಾರದ ರಾತ್ರಿಗಳಲ್ಲಿ ನಾನು ಹೇಗಿರುತ್ತೇನೆ ಎನ್ನುವುದು ಇಲ್ಲಿ ಬರೆದರೆ ಅರ್ಥವಾಗುವಂಥದ್ದಲ್ಲ. ತ್ಯಾಗವಿಲ್ಲದೆ ದೇಶ ನಿಲ್ಲುವುದಿಲ್ಲ, ತಾಯ್ತನವೂ ನಿಲ್ಲುವುದಿಲ್ಲ. ಹೆಂಗಸರೆಲ್ಲ ನನಗೇನು ಸಿಕ್ಕಿತು ಎಂದು ಕೇಳುತ್ತಾ ಕೂತರೆ ಮಕ್ಕಳನ್ನು ಬೆಳೆಸುವವರು ಯಾರು?

ಮೂವರ ಅಮ್ಮ

ಅಮ್ಮಾ, ನಿಮ್ಮ ಮಗ ಕ್ಷೇಮವಾಗಿ ಬರಲಿ. ಅವನು ನಿಂತಿರುವುದಕ್ಕೆ ಬೇರೆ ಹೆಸರು ಹುಡುಕುವ ಅಧಿಕಾರ ನನಗಿಲ್ಲ, ನಿಮ್ಮ ಆ ರಾತ್ರಿಗಳ ಮುಂದೆ ನಾನು ದೊಡ್ಡ ಮಾತು ಆಡುವುದೂ ಇಲ್ಲ. ತ್ಯಾಗ ಬೇಡ ಎಂದು ನಾನು ಹೇಳುತ್ತಿಲ್ಲ. ತ್ಯಾಗ ಮಾಡಿದವಳಿಗೆ ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಇದೆ ಎನ್ನುತ್ತೇನೆ. ನಿಮ್ಮ ಮಗನಿಗೆ ಸರಿಯಾದ ಬೂಟು ಇದೆಯೇ, ಗಾಯವಾದರೆ ಹೊತ್ತಿಗೆ ಡಾಕ್ಟರು ಸಿಗುತ್ತಾರೆಯೇ, ಮರಳಿ ಬಂದ ಮೇಲೆ ಅವನ ಮನಸ್ಸಿನ ನೋವನ್ನು ಯಾರು ನೋಡುತ್ತಾರೆ ಎಂದು ನೀವು ಕೇಳಿದರೆ ಅದಕ್ಕಿಂತ ದೊಡ್ಡ ದೇಶಪ್ರೇಮ ನನಗೆ ಕಾಣದು.

ಎಡಿತ್ ಕ್ಯಾವೆಲ್ ಎಂಬ ಬ್ರಿಟಿಷ್ ನರ್ಸ್ ಮೊದಲ ಮಹಾಯುದ್ಧದಲ್ಲಿ ಬ್ರಸೆಲ್ಸ್‌ನಲ್ಲಿದ್ದಳು. ಯಾವ ಕಡೆಯ ಗಾಯಾಳು ಬಂದರೂ ಆರೈಕೆ ಮಾಡಿದಳು. ಸುಮಾರು 200 ಮಿತ್ರಪಕ್ಷದ ಸೈನಿಕರು ತಪ್ಪಿಸಿಕೊಳ್ಳಲು ನೆರವಾದಳು. 1915ರ ಅಕ್ಟೋಬರ್ 12ರಂದು ಜರ್ಮನ್ ಸೇನೆ ಅವಳನ್ನು ಗುಂಡಿಟ್ಟು ಕೊಂದಿತು. ಹಿಂದಿನ ರಾತ್ರಿ ಅವಳು ಪಾದ್ರಿಗೆ ಹೇಳಿದ್ದು, ದೇಶಪ್ರೇಮವೊಂದೇ ಸಾಲದು, ಯಾರ ಮೇಲೂ ನನಗೆ ದ್ವೇಷವಾಗಲಿ ಕಹಿಯಾಗಲಿ ಇರಬಾರದು ಎಂದು. ತನ್ನ ದೇಶಕ್ಕಾಗಿ ಸಾಯಲು ಹೊರಟವಳ ಮಾತು ಅದು.

ಅರ್ಜೆಂಟೀನಾದ ತಾಯಂದಿರೂ ನೆನಪಾಗುತ್ತಾರೆ. ಅಲ್ಲಿಯ ಸೇನಾಡಳಿತ ಹಿಡಿದುಕೊಂಡು ಹೋದ ಮಕ್ಕಳು ಮರಳಲಿಲ್ಲ. 1977ರ ಏಪ್ರಿಲ್ 30ರಂದು 14 ಜನ ತಾಯಂದಿರು ಬ್ಯೂನಸ್ ಐರಿಸ್‌ನ ಪ್ಲಾಜಾ ದೆ ಮಾಯೊ ಚೌಕಕ್ಕೆ ಬಂದು "ನನ್ನ ಮಗ ಎಲ್ಲಿ?" ಎಂದು ಕೇಳಿದರು. ಗುಂಪಾಗಿ ನಿಲ್ಲಬೇಡಿ ಎಂದು ಪೊಲೀಸರು ಗದರಿದಾಗ ಇಬ್ಬಿಬ್ಬರಾಗಿ ಚೌಕ ಸುತ್ತಿದರು. ಗುರುತಿಗೆಂದು ತಲೆಗೆ ಕಟ್ಟಿಕೊಂಡ ಬಿಳಿ ಬಟ್ಟೆ ಮೊದಮೊದಲು ಮಕ್ಕಳಿಗೆ ಕಟ್ಟುವ ಡೈಪರ್ ಬಟ್ಟೆಯೇ ಆಗಿತ್ತು. ಆಳುವವರು ಅವರನ್ನು ಹುಚ್ಚಿಯರು ಎಂದರು. ಅವರಲ್ಲೇ ಮೂವರು ಮುಂದಾಳುಗಳನ್ನು ಎಳೆದುಕೊಂಡು ಹೋಗಿ ಕೊಂದರು. ಉಳಿದವರು ಗುರುವಾರ ಬಂದರೆ ಚೌಕಕ್ಕೆ ಬರುವುದನ್ನು ಬಿಡಲಿಲ್ಲ. ಆ ದೇಶದ ಮಾನ ಉಳಿದದ್ದು ಪದಕ ತೊಟ್ಟವರಿಂದಲೋ ಈ ತಾಯಂದಿರಿಂದಲೋ, ನೀವೇ ಹೇಳಿ.

ಯೋಧನ ತಾಯಿ

ಬೂಟಿನ ಮಾತು ನನ್ನ ಮನಸ್ಸಿಗೆ ತಾಗಿತು. ಮಗನೂ ಅದನ್ನೇ ಹೇಳಿದ್ದ. ಎಲ್ಲದಕ್ಕೂ ನಾನು ಒಪ್ಪುವುದಿಲ್ಲ, ದೇಶ ಮೊದಲು ಎನ್ನುವುದೇ ನನ್ನ ಮಾತು. ಆ ತಾಯಂದಿರಿಗೆ ಮಾತ್ರ ಕೈ ಮುಗಿಯುತ್ತೇನೆ.

ಚಿಕ್ಕಮ್ಮ

ನನಗೆ ಮಕ್ಕಳಿಲ್ಲ, ಅಕ್ಕನ ಮಕ್ಕಳಿಗೆ ಚಿಕ್ಕಮ್ಮ ಅಷ್ಟೇ. ಓದುತ್ತಾ ಬಂದ ಹಾಗೆ ಹೆಣ್ತನ ಎಂದರೆ ತಾಯ್ತನವೇ ಎಂದು ಎಲ್ಲರೂ ಒಪ್ಪಿಕೊಂಡ ಹಾಗಿದೆ, ಅದು ನನಗೆ ಚುಚ್ಚಿತು. ಹದಿಮೂರನೇ ವಯಸ್ಸಿನಿಂದ ಮುಟ್ಟಿನ ಮೊದಲ ಎರಡು ದಿನ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದೆ. ಎಲ್ಲ ಹೆಣ್ಣುಮಕ್ಕಳಿಗೂ ಹೀಗೇ, ಮದುವೆಯಾದರೆ ಹೋಗುತ್ತೆ, ಒಂದು ಹೆತ್ತರೆ ಹೋಗುತ್ತೆ ಎಂದರು. ಅದು ಎಂಡೋಮೆಟ್ರಿಯೋಸಿಸ್ ಎಂದು ಗೊತ್ತಾಗುವ ಹೊತ್ತಿಗೆ ನನಗೆ ಮೂವತ್ತು ದಾಟಿತ್ತು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗಡೆ ಅಂಡಾಶಯ, ಕರುಳಿನ ಮೇಲೆಲ್ಲ ಬೆಳೆದು ಉರಿಯೂತ ಎಬ್ಬಿಸುವ ಕಾಯಿಲೆ ಇದು. ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಹತ್ತು ಜನರಿಗೆ ಇರುತ್ತದೆ. ಮದುವೆ ಇದಕ್ಕೆ ಔಷಧಿಯಲ್ಲ.

ಸಹಜ ಎನ್ನುವ ಮಾತಿನಿಂದಲೇ ನನ್ನ ನೋವನ್ನು ಇಷ್ಟು ವರ್ಷ ಮುಚ್ಚಿಟ್ಟರು. ಶಾಲೆ ತಪ್ಪಿಸುವಷ್ಟು, ವಾಂತಿ ಬರುವಷ್ಟು ನೋವಿದ್ದರೆ ಅದು ಸಹಜ ಅಲ್ಲ ಎಂದು ಇಲ್ಲಿರುವ ತಾಯಂದಿರು ತಮ್ಮ ಹೆಣ್ಣುಮಕ್ಕಳಿಗೆ ದಯವಿಟ್ಟು ಹೇಳಿ.

ಮೂವರ ಅಮ್ಮ

ತಂಗೀ, ನೀವು ಬರೆದದ್ದು ಇಲ್ಲಿ ಇರಲೇಬೇಕಿತ್ತು. ಹೆರದ ಹೆಣ್ಣು ಯಾರಿಗೂ ಕಡಿಮೆಯಲ್ಲ. ಮಕ್ಕಳ ಎಣಿಕೆಗೆ ಪದಕ ಕೊಡುವ ದೇಶದಲ್ಲಿ ನಿಮ್ಮಂಥವರಿಗೆ ಲೆಕ್ಕದಲ್ಲೇ ಜಾಗ ಇರುವುದಿಲ್ಲ, ನನಗೆ ಆ ಪದಕದ ಮೇಲೆ ಸಿಟ್ಟು ಬರುವುದು ಅದಕ್ಕೂ ಸೇರಿ. ನನ್ನ ಹಿರಿಮಗಳಿಗೆ ನಿಮ್ಮ ಮಾತನ್ನು ಇವತ್ತೇ ಓದಿ ಹೇಳುತ್ತೇನೆ. ಅವಳಿಗೆ ಎಚ್‌ಪಿವಿ ಎಂಬ ವೈರಸ್ ತಡೆಯುವ ಲಸಿಕೆಯನ್ನೂ ಹಾಕಿಸಿದ್ದೇನೆ. ಗರ್ಭಕೊರಳಿನ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲವೂ ಆ ವೈರಸ್‌ನಿಂದಲೇ ಬರುವುದು, 9ರಿಂದ 14ರ ವಯಸ್ಸಿನಲ್ಲಿ ಹಾಕಿಸಿದರೆ ಚೆನ್ನಾಗಿ ನಾಟುತ್ತದೆ. ಮಗಳಿಗೆ ಕೊಡುವ ಆಸ್ತಿಯಲ್ಲಿ ಇದನ್ನೂ ಸೇರಿಸಿ ಎಂದು ಎಲ್ಲರಿಗೂ ಹೇಳುತ್ತೇನೆ.

ಅಜ್ಜಿ

ನಾನು ಮೊಮ್ಮಗನ ಕೈಲಿ ಬರೆಸುತ್ತಿದ್ದೇನೆ. ಕನ್ನಡಕ ಹಾಕಿಕೊಂಡರೂ ಈ ಅಕ್ಷರ ಕಾಣವು.

ಮಗುವನ್ನು ನೋಡುವವರು ಇದ್ದಾರೆ, ಬಾಣಂತಿಯನ್ನು ನೋಡುವವರೂ ಒಂದಿಷ್ಟು ದಿನ ಇದ್ದಾರೆ. ಮುಟ್ಟು ನಿಂತವಳನ್ನು ಯಾರು ನೋಡುತ್ತಾರೆ? ನಲವತ್ತೈದರಿಂದ ಐವತ್ತೈದರ ಒಳಗೆ ನಿಲ್ಲುತ್ತದೆ. ಮೈಯೆಲ್ಲ ಬೆಂಕಿ ಬಿದ್ದ ಹಾಗೆ ಬೆವರು, ನಿದ್ದೆ ಇಲ್ಲ, ಸುಮ್ಮಸುಮ್ಮನೆ ಸಿಟ್ಟು. ಮನೆಯವರು ಜಗಳಗಂಟಿ ಎಂದರು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿದ ಮೇಲೆ ಮೂಳೆ ಬೇಗ ಸವೆಯುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದು ನನ್ನ ಸೊಂಟದ ಮೂಳೆ ಮುರಿದ ಮೇಲೆ. ಹೆಣ್ಣುಮಕ್ಕಳೇ, ಭಾರ ಹೊರುವ ವ್ಯಾಯಾಮ ಮಾಡಿ, ಬಿಸಿಲಿಗೆ ಮೈಯೊಡ್ಡಿ, ಮೂಳೆಯ ಪರೀಕ್ಷೆ ಮಾಡಿಸಿ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಒಂದು ಹನಿಯಾದರೂ ನಾಚಿಕೆ ಬಿಟ್ಟು ತೋರಿಸಿ, ಕ್ಯಾನ್ಸರ್ ಇರಬಹುದು.

ಇನ್ನು ದೇಶದ ಮಾತು. ಮೊಮ್ಮಗ ಓದಿ ಹೇಳಿದ: ಹೆಂಗಸರಿಗೆ ನ್ಯೂಜಿಲೆಂಡ್ 1893ರಲ್ಲಿ ವೋಟು ಕೊಟ್ಟಿತಂತೆ, ಸ್ವಿಟ್ಜರ್ಲೆಂಡ್ ದೇಶದ ಚುನಾವಣೆಯಲ್ಲಿ ಕೊಟ್ಟಿದ್ದು 1971ರಲ್ಲಂತೆ. ಅಷ್ಟು ವರ್ಷ ಆ ದೇಶದ ಅರ್ಧ ಜನ ತೆರಿಗೆ ಕಟ್ಟಿ, ಮಕ್ಕಳನ್ನು ಹೆತ್ತು ಕೊಟ್ಟು, ಮಾತಾಡುವ ಹಾಗಿಲ್ಲದೆ ಇದ್ದರು. ನಾನು ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ಸೊಂಟ ಮುರಿದ ಮೇಲೂ ಹೋಗಿದ್ದೇನೆ, ಇಬ್ಬರು ಹಿಡಿದುಕೊಂಡಿದ್ದರು.

ಸಹಜ ಜೀವನ

ಅಜ್ಜಿಗೆ ನಮಸ್ಕಾರ. ಎಲ್ಲವನ್ನೂ ಓದಿದೆ. ಸಿಸ್ಟರ್ ಹೇಳಿದ ಆಕ್ಸಿಟೋಸಿನ್ ವಿಷಯ ತಲೆಯಲ್ಲಿ ಕೂತಿದೆ. ಲಸಿಕೆಗೂ ಆಟಿಸಂಗೂ ನಂಟಿದೆ ಎಂದು ಕೇಳಿದ್ದೆ, ನನ್ನ ಹಿಂಜರಿಕೆಗೆ ಅದೂ ಒಂದು ಕಾರಣ. ಅದಕ್ಕೆ ಏನು ಹೇಳುತ್ತೀರಿ?

ಹೆರಿಗೆ ವಾರ್ಡಿನ ಸಿಸ್ಟರ್

ಆ ಭಯ ಹಬ್ಬಿದ್ದು 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆ್ಯಂಡ್ರೂ ವೇಕ್‌ಫೀಲ್ಡ್‌ನ ಲೇಖನದಿಂದ. ಬರೀ 12 ಮಕ್ಕಳ ಮೇಲೆ ನಿಂತ ಬರಹ. ಮಕ್ಕಳ ವಿವರಗಳನ್ನೇ ತಿರುಚಿದ್ದು ಆಮೇಲೆ ಬಯಲಾಯಿತು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು, ಬ್ರಿಟನ್ನಿನಲ್ಲಿ ಅವನ ವೈದ್ಯ ನೋಂದಣಿಯೂ ರದ್ದಾಯಿತು. ಆಮೇಲೆ ಲಕ್ಷಗಟ್ಟಲೆ ಮಕ್ಕಳನ್ನು ನೋಡಿದ ಅಧ್ಯಯನಗಳಲ್ಲಿ ಅಂಥ ನಂಟು ಸಿಗಲಿಲ್ಲ. ಲಸಿಕೆ ಹಾಕಿದ ತೋಳು ಊದುವುದು, ಒಂದೆರಡು ದಿನ ಜ್ವರ ಬರುವುದು ನಿಜ. ತೀವ್ರ ಅಲರ್ಜಿ ಬಹಳ ಅಪರೂಪ. ಅದಕ್ಕೇ ಹಾಕಿದ ಮೇಲೆ ಸ್ವಲ್ಪ ಹೊತ್ತು ಕೂರಿಸಿಕೊಳ್ಳುತ್ತೇವೆ. ನಿಮ್ಮ ಮಗನ ವಯಸ್ಸು ಎಷ್ಟಾದರೂ ಪರವಾಗಿಲ್ಲ ಸರ್, ತಪ್ಪಿದ ಡೋಸ್‌ಗಳನ್ನು ಹೊಂದಿಸಿ ಕೊಡುವ ಪಟ್ಟಿ ಇದೆ. ಮಕ್ಕಳ ಡಾಕ್ಟರ ಹತ್ತಿರ ಕೇಳಿ.

ಹೊಸ ಅಪ್ಪ

ಸಿಸ್ಟರ್, ನೀವು ಹೇಳಿದ ಹಾಗೆ ಗಲ್ಲ ಎದೆಗೆ ಒತ್ತಿ ಹಿಡಿದ ಮೇಲೆ ನೋವು ಎಷ್ಟೋ ಕಮ್ಮಿ ಆಗಿದೆ. ರಾತ್ರಿ ಬಟ್ಟೆ ಬದಲಾಯಿಸೋದು ಈಗ ನಂದೇ ಕೆಲಸ. ಇನ್ನೊಂದು ಪ್ರಶ್ನೆ. ಇವಳ ಹಿಮೋಗ್ಲೋಬಿನ್ 9.4 ಬಂದಿದೆ. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ತಗೊಂಡ್ರೆ ಹೊಟ್ಟೆ ತೊಳಸುತ್ತೆ, ಮಲ ಕಪ್ಪಗೆ ಹೋಗ್ತಿದೆ ಅಂತ ಹೆದರಿ ಬಿಟ್ಟಿದ್ದಾಳೆ.

ಹೆರಿಗೆ ವಾರ್ಡಿನ ಸಿಸ್ಟರ್

ಮಲ ಕಪ್ಪಗಾಗುವುದು ಆ ಮಾತ್ರೆಯಿಂದಲೇ, ಹೆದರಬೇಡಿ. ಬಿಡದೆ ತೆಗೆದುಕೊಳ್ಳಲಿ. ಬರಿಹೊಟ್ಟೆಯಲ್ಲಿ ಆಗದಿದ್ದರೆ ಸ್ವಲ್ಪ ತಿಂದ ಮೇಲೆ ನುಂಗಲಿ. ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ಬೇಡ, ಒಂದೆರಡು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಕಬ್ಬಿಣ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಹುಳಿ ಹಣ್ಣಿನ ರಸದ ಜೊತೆಯಾದರೆ ಚೆನ್ನಾಗಿ ಸೇರುತ್ತದೆ. ಅಷ್ಟಾದರೂ ತೊಳಸಿದರೆ ಡಾಕ್ಟರಿಗೆ ಹೇಳಿ, ಬೇರೆ ಬಗೆಯ ಮಾತ್ರೆ ಅಥವಾ ದಿನ ಬಿಟ್ಟು ದಿನ ಕೊಡುವುದನ್ನು ಅವರು ನೋಡುತ್ತಾರೆ. ಅಂಕಿ ಸರಿಹೋದ ಕೂಡಲೇ ನಿಲ್ಲಿಸಬೇಡಿ, ದೇಹದ ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕು. ಡಬ್ಬಿಯನ್ನು ಮಾತ್ರ ಎತ್ತರದಲ್ಲಿಡಿ. ಮನೆಗೆ ಬರುವ ಪುಟ್ಟ ಮಕ್ಕಳು ಮಿಠಾಯಿ ಎಂದು ನುಂಗಿದರೆ ಕಬ್ಬಿಣ ಅವರಿಗೆ ವಿಷ.

ಮೂವರ ಅಮ್ಮ

ಇದರ ಜೊತೆಗೇ ನಿಮ್ಮ ತಾಯಿಯ ರಕ್ತವನ್ನೂ ಪರೀಕ್ಷೆ ಮಾಡಿಸಿ ತಮ್ಮಾ. ಸೊಸೆಯ ಬಾಣಂತನ ಮಾಡುತ್ತಿರುವವರು ಅವರೇ ಇರಬೇಕು, ಅವರದು ಎಷ್ಟಿದೆ ಎಂದು ಯಾರೂ ಕೇಳಿರುವುದಿಲ್ಲ.

ಹೊಸ ಅಪ್ಪ

ಹೌದು ಅಕ್ಕ, ಅಮ್ಮನೇ ಮಾಡ್ತಿರೋದು. ಸೋಮವಾರ ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ.